ಚಕ್ಕೆ ಹಾಕಿದ ಕೇಕು ಔಷಧಿಯಲ್ಲ

ಸೇಬಿನ ಕಾಲ ಬಂತೆಂದರೆ ಅರೋರಾದ ನಮ್ಮ ಮನೆಗಳ ಓವನ್ನಿನಿಂದ ದಾಲ್ಚಿನ್ನಿಯ ಘಮ ಬರುತ್ತದೆ. ಊರಿನಲ್ಲಿ ಪಲಾವಿಗೆ ಹಾಕುತ್ತಿದ್ದ ಚಕ್ಕೆಯೇ ಇದು. "ಸಕ್ಕರೆ ಕಾಯಿಲೆಗೆ ಚಕ್ಕೆ ಒಳ್ಳೆಯದು" ಎನ್ನುತ್ತಾ ಅಜ್ಜ ಅಜ್ಜಿಯರ ತಟ್ಟೆಗೆ ಇನ್ನೊಂದು ತುಂಡು ಕೇಕು ಬಡಿಸುವುದೂ ಉಂಟು. ಇದು ಸರಿಯಲ್ಲವೆಂದು ನಮ್ಮ ಅನಿಸಿಕೆ.

2003ರಲ್ಲಿ ಪ್ರಕಟವಾದ, ಪಾಕಿಸ್ತಾನದ 60 ರೋಗಿಗಳ ಅಧ್ಯಯನ ಆಸೆ ಹುಟ್ಟಿಸಿದ್ದು ನಿಜ. ಆದರೆ 2012ರಲ್ಲಿ ಕೊಕ್ರೇನ್ ಸಂಸ್ಥೆ 577 ಜನರ ಮೇಲಿನ 10 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಸಾಕಷ್ಟು ಪುರಾವೆಯಿಲ್ಲ ಎಂದಿತು. ಮಾತ್ರೆ ಬಿಟ್ಟು ಚಕ್ಕೆ ಪುಡಿ ನೆಚ್ಚಿಕೊಳ್ಳುವುದಂತೂ ಬೇಡವೇ ಬೇಡ. ಇನ್ಸುಲಿನ್ ಸಿಕ್ಕಿದ್ದು 1921ರಲ್ಲಿ, ನಮ್ಮ ಪಕ್ಕದ ಟೊರಾಂಟೋದಲ್ಲೇ ಅಲ್ಲವೇ! ಅದನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಬ್ಯಾಂಟಿಂಗ್ ಹುಟ್ಟಿದ್ದು ನವೆಂಬರ್ 14ರಂದು. ಮಕ್ಕಳೇ, ಭಾರತದಲ್ಲಿ ಅಂದೇ ನಿಮ್ಮ ದಿನಾಚರಣೆ.

ಹಾಗಾದರೆ ಚಕ್ಕೆಯಿಂದ ಏನು ಉಪಯೋಗ? ಅದರ ಘಮವಿದ್ದರೆ ಸಿಹಿ ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ತಿಳಿಯದು. ಮಫಿನ್ನಿಗೆ ಒಂದು ಲೋಟ ಸಕ್ಕರೆಯ ಬದಲು ಅರ್ಧ ಲೋಟ ಸಾಕು. ಮೈದಾ ಅರ್ಧ ತೆಗೆದು ಬಾದಾಮಿ ಪುಡಿ ಬೆರೆಸಿ. ಬೆಲ್ಲ, ಜೇನುತುಪ್ಪ ಹಾಕಿದರೂ ಸಕ್ಕರೆ ಹಾಕಿದಂತೆಯೇ.

ಇಲ್ಲಿನ ಅಂಗಡಿಗಳ ಪುಡಿ ಹೆಚ್ಚಾಗಿ ಕ್ಯಾಸಿಯಾ ಜಾತಿಯದು. ಅದರಲ್ಲಿನ ಕೂಮರಿನ್ ಅತಿಯಾದರೆ ಯಕೃತ್ತಿಗೆ ತೊಂದರೆ. ದಿನವೂ ಬಳಸುವವರು ಕಾಗದದಂತೆ ತೆಳ್ಳಗೆ ಸುರುಳಿಯಾದ ಸಿಲೋನ್ ಚಕ್ಕೆ ಕೊಳ್ಳುವುದು ಒಳ್ಳೆಯದು.