ಉಂಡ ಮನೆಯ ಋಣ

ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಕ್ಕೆ ಹಿಂದಿನ ಭಾನುವಾರವನ್ನು ಕಥೋಲಿಕ ಧರ್ಮಸಭೆಯು ಜಗತ್ತಿನಾದ್ಯಂತ ಮಿಷನ್ ಭಾನುವಾರವಾಗಿ ಆಚರಿಸುತ್ತದೆ. 1926ರಲ್ಲಿ ಪೋಪ್ ಹನ್ನೊಂದನೆಯ ಪಿಯುಸರು ನೆಲೆಗೊಳಿಸಿದ ಪದ್ಧತಿ ಇದು. ಆ ದಿನ ನಮ್ಮ ದೇವಾಲಯಗಳಲ್ಲಿ ಕೇಳಿಬರುವ ಪ್ರಬೋಧನೆಗಳು ಬಹುಪಾಲು ಮಿಷನರಿಗಳು ಕೊಟ್ಟುದನ್ನು ಕುರಿತವು: ಶಾಲೆ ಕೊಟ್ಟರು, ಆಸ್ಪತ್ರೆ ಕೊಟ್ಟರು, ನಿಘಂಟು ಕೊಟ್ಟರು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅವರು ಪಡೆದುದರ ಲೆಕ್ಕವನ್ನು ಯಾರೂ ಬರೆದಿಟ್ಟಂತಿಲ್ಲ. ಪರನಾಡಿನಲ್ಲಿ ಅವರಿಗೆ ಅನ್ನವಿಟ್ಟವರು ಯಾರು, ಆ ಋಣಕ್ಕೆ ನಾವು ಸಲ್ಲಿಸಿದುದೇನು ಎಂಬ ಪ್ರಶ್ನೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಸೇವೆಗೆ ನಿಂತವರಿಗೆ ದೂರದ ಪ್ರಶ್ನೆಯಲ್ಲ.

ಕನ್ನಡ ನಾಡಿನದೇ ಹಳೆಯ ನಿದರ್ಶನವೊಂದನ್ನು ನೋಡೋಣ. ಪ್ಯಾರಿಸಿನ ವಿದೇಶ ಮಿಷನ್ ಸಂಘದ ಅಬ್ಬೆ ದುಬ್ವಾ ಅವರು 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಫ್ರಾನ್ಸನ್ನು ಬಿಟ್ಟು ಭಾರತಕ್ಕೆ ಹೊರಟರು. ಬೆನ್ನ ಹಿಂದೆ ಮಹಾಕ್ರಾಂತಿ ಉರಿಯುತ್ತಿತ್ತು. ಅವರನ್ನು ಕಳುಹಿಸಿದ ಗುರುಮಠವೇ ಆ ಗದ್ದಲದಲ್ಲಿ ಮುಚ್ಚಿತು. ತವರಿನ ಆಸರೆ ಹೀಗೆ ಕಡಿದುಹೋದ ತರುಣ ಗುರು ಈ ನಾಡಿನ ಉಡುಗೆ ತೊಟ್ಟು, ಈ ನಾಡಿನ ಊಟ ಉಂಡು, ಮೂವತ್ತು ವರ್ಷಕ್ಕೂ ಮಿಕ್ಕಿ ಇಲ್ಲಿ ಬಾಳಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಕೂಡಿಸಿದರು. ಸಿಡುಬಿನ ಲಸಿಕೆ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಅದನ್ನು ಸಾವಿರಾರು ಜನರಿಗೆ ಹಾಕಿಸಿದರು.

ಅವರಿಗೆ ಬಂದೊದಗಿದ ಸಹಾಯದ ಬಗೆಯಾದರೂ ಎಂತಹುದು! ಹಿಂದೂಗಳ ಆಚಾರ ವ್ಯವಹಾರಗಳನ್ನು ಕುರಿತು ಫ್ರೆಂಚಿನಲ್ಲಿ ಅವರು ಬರೆದಿದ್ದ ಹಸ್ತಪ್ರತಿಯನ್ನು 1807ರಲ್ಲಿ ಮದರಾಸಿನ ಇಂಗ್ಲಿಷ್ ಸರ್ಕಾರ 2000 ಪಗೋಡಗಳಿಗೆ ಕೊಂಡಿತು. ಆ ಹೊತ್ತಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೆಯುತ್ತಿತ್ತೆಂಬುದನ್ನು ವಾಚಕರು ಮರೆಯಬಾರದು. 1823ರಲ್ಲಿ ಅವರು ಸ್ವದೇಶಕ್ಕೆ ಮರಳುವಾಗ ಹಡಗಿನ ಖರ್ಚನ್ನೂ ನಿವೃತ್ತಿವೇತನವನ್ನೂ ಕೊಟ್ಟುದು ಅದೇ ಕಂಪನಿ. ಶತ್ರುದೇಶದವರ ಕೈಯಿಂದ ದೇವರ ಪಾಲನೆ ಬಂತೆಂದು ನಾವು ಬೆರಗಾಗುತ್ತೇವೆ.

ಆದರೆ ಪಗೋಡಗಳು ಲೆಕ್ಕಪುಸ್ತಕಕ್ಕೆ ಸೇರಿದವು. ಹಳ್ಳಿಗಳ ಅನ್ನ ಸೇರಲಿಲ್ಲ. ಎಲ್ಲ ಜಾತಿ, ಎಲ್ಲ ಸ್ಥಿತಿಯ ಜನರೂ ತಮ್ಮನ್ನು ಆದರದಿಂದ ಬರಮಾಡಿಕೊಂಡರೆಂದು ದುಬ್ವಾ ಅವರೇ ಒಪ್ಪಿದ್ದಾರೆ. ಅದೇ ಜನರನ್ನು ಕುರಿತು ಅವರ ಗ್ರಂಥದಲ್ಲಿರುವ ಎಷ್ಟೋ ಮಾತು ಕಟುವಾದುವು, ಕೆಲವಂತೂ ಅನ್ಯಾಯದವು. ಇಲ್ಲಿ ಕ್ರೈಸ್ತ ಧರ್ಮ ಬೆಳೆಯುವ ಆಸೆಯೇ ಇಲ್ಲವೆಂದು 1823ರಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಕೈಚೆಲ್ಲಿದರು. ಆ ಪತ್ರಗಳ ನಿರಾಶೆಗಿಂತ, ಮೂರು ದಶಕ ಅವರನ್ನು ಸಾಕಿದ ಜನರ ಸಹನೆಯೇ ನಮಗೆ ದೊಡ್ಡದಾಗಿ ಕಾಣುತ್ತದೆ.

ಇದು ದುಬ್ವಾ ಒಬ್ಬರ ಅನುಭವವಲ್ಲ. ಸಂತ ಪೌಲರಿದ್ದ ಹಡಗು ಮಾಲ್ಟಾ ದ್ವೀಪದ ಬಳಿ ಒಡೆದಾಗ ದಡ ಸೇರಿದವರು 276 ಮಂದಿ. ಕ್ರಿಸ್ತನ ಹೆಸರನ್ನೇ ಕೇಳದ ಆ ದ್ವೀಪದವರು ಮಳೆ ಚಳಿಯಲ್ಲಿ ಬೆಂಕಿ ಹೊತ್ತಿಸಿ ಅವರನ್ನು ಕಾಯಿಸಿದರು. ಮೂರು ತಿಂಗಳ ಮೇಲೆ ಹೊರಡುವಾಗ ಬೇಕಾದುದನ್ನೆಲ್ಲ ತಂದಿತ್ತರು. ಪ್ರೇಷಿತರ ಕಾರ್ಯಕಲಾಪಗಳ ಕೊನೆಯ ಅಧ್ಯಾಯದಲ್ಲಿ ಇದು ದಾಖಲಾಗಿದೆ.

ಈಗ ನಮ್ಮ ನಾಲ್ಕು ತಾಲ್ಲೂಕುಗಳ ಮಾತು. ಇತ್ತೀಚಿನ ವರ್ಷಗಳಲ್ಲಿ ಇವು ಒಡೆದು ಹೊಸ ತಾಲ್ಲೂಕುಗಳಾಗಿವೆ, ಇರಲಿ. ಕರಾವಳಿಯಿಂದಲೋ ಕೇರಳದಿಂದಲೋ ಇಲ್ಲಿಗೆ ಬರುವ ಗುರುಗಳಿಗೂ ಧರ್ಮಭಗಿನಿಯರಿಗೂ ಇದು ಮೊದಲಿಗೆ ಪರದೇಶವೇ. ಕುಸುಬಲಕ್ಕಿ ಉಂಡವರಿಗೆ ಜೋಳದ ರೊಟ್ಟಿ, ಎಡೆಬಿಡದ ಮಳೆ ಕಂಡವರಿಗೆ ಬಿರಿದ ಎರೆನೆಲ. ಓದಿ ಕಲಿತ ಕನ್ನಡವೂ ಸಂತೆಯಲ್ಲಿ ತಡವರಿಸುತ್ತದೆ. ಕಥೋಲಿಕ ಮನೆಗಳು ಇಲ್ಲಿ ಬೆರಳೆಣಿಕೆಯವು. ಹೀಗಿದ್ದೂ ಬಂದವರಾರೂ ಹಸಿದು ಮಲಗಿಲ್ಲ. ‘ಮೊದಲ ಉಣ್ರಿ, ಆಮ್ಯಾಲ ಮಾತು’ ಎನ್ನುವ ಮನೆಗಳು ಬಹುತೇಕ ನಮ್ಮ ಮತದವರವಲ್ಲ. ಮಳೆ ಕೈಕೊಟ್ಟ ವರ್ಷದಲ್ಲಿಯೂ ರೊಟ್ಟಿ, ಶೇಂಗಾ ಹಿಂಡಿ, ಕಾಳಿನ ಪಲ್ಯ ಬಂದಿವೆ. ಕೊಟ್ಟ ಮನೆಯಲ್ಲಿ ಮರುದಿನಕ್ಕೆ ಏನಿತ್ತೋ ನಾವು ಕೇಳಲಿಲ್ಲ.

ಬಸವಣ್ಣನವರ ಜನ್ಮಸ್ಥಳವೆಂದು ನಾಡು ನಂಬಿರುವ ಬಾಗೇವಾಡಿಯ ಸೀಮೆಯಲ್ಲಿ ಇದಕ್ಕೆ ದಾಸೋಹವೆಂಬ ಹೆಸರಿದೆ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ; ದಾಸೋಹದಲ್ಲಿ ಕೊಡುವವನೇ ದಾಸ. ಸಂತ ತೋಮಸ್ ಅಕ್ವಿನಾಸರು ಕೃತಜ್ಞತೆಯನ್ನು ನ್ಯಾಯದ ಬಳಗದ ಸದ್ಗುಣವೆಂದು ಎಣಿಸುತ್ತಾರೆ. ಅವರ ಪ್ರಕಾರ ಅಳೆಯಬೇಕಾದುದು ಕೊಟ್ಟ ವಸ್ತುವನ್ನಲ್ಲ, ಕೊಟ್ಟವನ ಮನಸ್ಸನ್ನು; ಪಡೆದಷ್ಟನ್ನೇ ಹಿಂದಿರುಗಿಸಿದವನು ಪಡೆದುದನ್ನು ಮರಳಿಸಿದನೇ ಹೊರತು ಏನನ್ನೂ ಕೊಟ್ಟಂತಾಗಲಿಲ್ಲ; ಆದುದರಿಂದ ಕೃತಜ್ಞನು ಪಡೆದುದಕ್ಕಿಂತ ಹೆಚ್ಚನ್ನು ಸಲ್ಲಿಸಬೇಕು. ಸಾಲ ತೀರಿಸಲು ಅವಸರಪಡುವವನನ್ನು ಅವರು ಮೆಚ್ಚುವುದಿಲ್ಲ. ಆದರೆ ನಮ್ಮಲ್ಲಿ ಅವಸರದ ದೋಷವಂತೂ ಕಾಣದು.

ಏಕೆಂದರೆ ನಮಗೆ ಉಣ್ಣಲಿಟ್ಟ ಮನೆಗಳವರೇ ದುಡಿಮೆಗಾಗಿ ಗೋವೆಗೆ, ಮಂಗಳೂರಿಗೆ, ಉಡುಪಿಗೆ ಗುಳೆ ಹೋಗುತ್ತಾರೆ. ಎಂದರೆ ನಮ್ಮ ಗುರುಗಳೂ ಭಗಿನಿಯರೂ ಹೊರಟುಬಂದ ಊರುಗಳಿಗೇ. ಅಲ್ಲಿ ಬೆಳಗಿನ ಜಾವ ರಸ್ತೆಯ ಕೂಟದಲ್ಲಿ ಕೂಲಿಗಾಗಿ ಕಾಯುತ್ತಾರೆ, ಕಟ್ಟುತ್ತಿರುವ ಮಹಡಿಗಳ ಬುಡದಲ್ಲಿ ತಗಡಿನ ಗುಡಿಸಲು ಹಾಕುತ್ತಾರೆ. ಜೊತೆಗೊಯ್ದ ಮಕ್ಕಳ ಶಾಲೆ ಅಲ್ಲಿಗೆ ನಿಲ್ಲುತ್ತದೆ. ‘ಬಿಜಾಪುರದವರು’ ಎಂಬ ಮಾತು ಆ ಊರುಗಳಲ್ಲಿ ಜಿಲ್ಲೆಯ ಹೆಸರಾಗಿ ಉಳಿದಿಲ್ಲ, ಬೈಗುಳದ ಛಾಯೆ ಪಡೆದಿದೆ. ಜಿಲ್ಲೆ 2014ರಲ್ಲಿ ವಿಜಯಪುರವಾಯಿತು. ಮಾತಿನ ಧಾಟಿ ಬದಲಾಗಲಿಲ್ಲ. 2020ರ ಲಾಕ್‌ಡೌನಿನಲ್ಲಿ ಕೂಲಿಯೂ ಬಸ್ಸೂ ಇಲ್ಲದೆ ಸಿಕ್ಕಿಬಿದ್ದ ಇವರಿಗೆ ಅನ್ನ ಹಂಚಿದವರು ಇದ್ದರು, ಅವರಲ್ಲಿ ನಮ್ಮವರೂ ಇದ್ದರು. ಅದು ವಿಪತ್ತಿನ ದಿನಗಳ ಮಾತು. ಉಳಿದ ದಿನಗಳಲ್ಲಿ ಭಾನುವಾರದ ಪೂಜೆ ಮುಗಿಸಿ ಬರುವ ನಾವು ಅವರ ಗುಡಿಸಲುಗಳ ಮುಂದೆಯೇ ಹಾದುಹೋಗುತ್ತೇವೆ.

ಮಿಷನ್ ಭಾನುವಾರದ ಕಾಣಿಕೆ ಸಲ್ಲಬೇಕಾದಲ್ಲಿಗೆ ಸಲ್ಲಲಿ. ಅದನ್ನು ಬೇರೆಡೆಗೆ ತಿರುಗಿಸಬೇಕೆಂದು ನಾವು ಹೇಳುತ್ತಿಲ್ಲ. ಕರಾವಳಿಯ ಹಾಗೂ ಗೋವೆಯ ಧರ್ಮಕೇಂದ್ರಗಳಲ್ಲಿ ನಾವು ಕೇಳುವುದು ಹಣಕ್ಕಿಂತ ಕಷ್ಟದ್ದು. ತಮ್ಮ ಸರಹದ್ದಿನಲ್ಲಿ ಈ ತಾಲ್ಲೂಕುಗಳಿಂದ ಬಂದ ಕುಟುಂಬಗಳೆಷ್ಟೆಂದು ಒಮ್ಮೆ ನಡೆದು ನೋಡಿ ಬರೆದುಕೊಳ್ಳಲಿ. ಧರ್ಮಕೇಂದ್ರದ ಶಾಲೆಯಲ್ಲಿ ಆ ಮಕ್ಕಳಿಗೆ, ವರ್ಷದ ನಡುವೆ ಬಂದರೂ, ಕೂರಲು ಜಾಗ ಕೊಡಲಿ. ಊರಿನ ಪಡಿತರ ಚೀಟಿಯಿಂದ ಅಲ್ಲಿಯ ಅಂಗಡಿಯಲ್ಲಿಯೂ ಧಾನ್ಯ ಪಡೆಯುವ ವ್ಯವಸ್ಥೆ ಈಗ ಇದೆ. ಅದನ್ನು ತಿಳಿಸಿ, ಜೊತೆಗೆ ಹೋಗಿ ಕೊಡಿಸುವ ಯುವಜನರು ಪ್ರತಿ ಧರ್ಮಕೇಂದ್ರದಲ್ಲಿಯೂ ಇದ್ದಾರೆ. ಮತಾಂತರದ ಶಂಕೆ ಬಾರದಂತೆ ಇದೆಲ್ಲ ನಡೆಯಬೇಕು. ನಮಗೆ ರೊಟ್ಟಿ ಕೊಟ್ಟವರು ನಮ್ಮ ಮತ ಕೇಳಲಿಲ್ಲ.

ಹಿಂಗಾರಿ ಬಿತ್ತನೆ ಮುಗಿಯುತ್ತ ಬಂದಿದೆ. ಇನ್ನು ಕೆಲವೇ ವಾರಗಳಲ್ಲಿ ಇಂಡಿ, ಮುದ್ದೇಬಿಹಾಳಗಳಿಂದ ಹೊರಡುವ ಬಸ್ಸುಗಳು ತುಂಬುತ್ತವೆ.