ಬಾಡಿಗೆಯ ಕಾರು, ಬಯಕೆಯ ಕಾರು

ಕಳೆದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಎಂಟನೇ ತರಗತಿಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕುಳಿತಿದ್ದೆ. ನಮ್ಮ ಸಿಂಗಸಂದ್ರದ ಹಳೆಯ ಪರಿಚಯದವರೊಬ್ಬರು ಬಂದರು. ಕಾಫಿ ಬೇಡವೆಂದರು. ನಮ್ಮೂರಲ್ಲಿ ಕಾಫಿ ಬೇಡವೆನ್ನುವವರಲ್ಲಿ ಎರಡೇ ಜಾತಿ. ಒಂದು, ಸಕ್ಕರೆ ಕಾಯಿಲೆಯವರು. ಇನ್ನೊಂದು, ಮಕ್ಕಳ ಚಿಂತೆಯವರು. ಇವರು ಎರಡನೆಯವರು.

‘ಮೇಷ್ಟ್ರೇ, ನಿಮ್ಮ ಶಿಷ್ಯ ಜಪಾನಿಗೆ ಹೋಗ್ತಾನಂತೆ. ನೀವಾದ್ರೂ ಸ್ವಲ್ಪ ಬುದ್ಧಿ ಹೇಳಿ.’

‘ಒಳ್ಳೇದೇ ಆಯ್ತಲ್ಲ! ಸಂಬಳ ಜಾಸ್ತಿ ಕೊಡ್ತಾರೇನೋ.’

‘ಸಂಬಳಕ್ಕಾದ್ರೆ ನಾನೇ ಕಳಿಸ್ತಿದ್ದೆ. ಕಾರಿನ ಹುಚ್ಚಿಗೆ ಹೋಗ್ತಾನಂತೆ ಸಾರ್!’

ಹುಡುಗನಿಗೆ ಇಪ್ಪತ್ತೆಂಟು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ, ಮನೆಯಿಂದ ಮೆಟ್ರೋದಲ್ಲಿ ಕೆಲವೇ ನಿಲ್ದಾಣ. ಊಟಕ್ಕೆ ಅಮ್ಮನ ಕೈರುಚಿ. ಇದನ್ನೆಲ್ಲ ಬಿಟ್ಟು ಜಪಾನಿನಲ್ಲಿ ಒಂದು ಸಾಧಾರಣ ಇಂಜಿನಿಯರ್ ಕೆಲಸ ಹಿಡಿದಿದ್ದಾನೆ. ಕೆಲಸ ನೆಪ, ಕಾರು ಜಪ. ಅಮೆರಿಕಕ್ಕೆ ಡಾಲರಿಗಾಗಿ ಹೋಗುವುದು ನಮಗೆ ಅರ್ಥವಾಗುತ್ತದೆ. ಯೆನ್ನಿನ ಬೆಲೆ ಒಂದು ರೂಪಾಯಿಯೂ ಇಲ್ಲದ ದೇಶಕ್ಕೆ ಸಂತೋಷಕ್ಕಾಗಿ ಹೋಗುತ್ತೇನೆ ಎಂದರೆ ಯಾವ ತಂದೆಗೆ ಅರ್ಥವಾದೀತು?

ತಮಾಷೆಯೆಂದರೆ, ಹುಡುಗನಿಗೆ ಈ ಹುಚ್ಚು ಹಿಡಿಸಿದವರೇ ತಂದೆ. ಬಿಡದಿಯ ಟೊಯೊಟಾ ಕಾರ್ಖಾನೆಯ ಮೊದಲ ಗಾಡಿಯಾದ ಕ್ವಾಲಿಸ್ 2000ದಲ್ಲಿ ಮಾರುಕಟ್ಟೆಗೆ ಬಂತಲ್ಲ, ಮರುವರ್ಷವೇ ಇವರು ಸಾಲ ಮಾಡಿ ಒಂದನ್ನು ಕೊಂಡರು. ಆಗ ಹೊಸೂರು ರಸ್ತೆಯಲ್ಲಿ ರಾತ್ರಿಯಾದರೆ ಸಾಕು, ಕಾಲ್ ಸೆಂಟರ್ ಹುಡುಗ ಹುಡುಗಿಯರನ್ನು ತುಂಬಿಕೊಂಡ ಕ್ವಾಲಿಸ್‌ಗಳದೇ ಮೆರವಣಿಗೆ. 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೇಲ್ಸೇತುವೆ ತೆರೆಯುವವರೆಗೆ ಕೆಳಗಿನ ರಸ್ತೆಯ ಗುಂಡಿಗಳನ್ನೆಲ್ಲ ಇವರ ಗಾಡಿ ಎಣಿಸಿತ್ತು. ಬೆಳಗಿನ ಜಾವ ಗಾಡಿ ಮನೆಗೆ ಬಂದರೆ ಮಗ ಬಾನೆಟ್ಟಿನ ಬಿಸಿಯ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದನಂತೆ.

ಆ ಹುಡುಗ ನನಗೆ ಚೆನ್ನಾಗಿ ನೆನಪಿದ್ದಾನೆ. ಎಂಟನೇ ತರಗತಿಯಲ್ಲಿ ವಿಜ್ಞಾನದ ನೋಟ್ ಪುಸ್ತಕದ ಹಿಂದಿನ ಹಾಳೆಗಳ ತುಂಬ ಕಾರು ಬರೆಯುತ್ತಿದ್ದ. ನಾನು ಘರ್ಷಣೆಯ ಪಾಠ ಮಾಡುತ್ತಿದ್ದಾಗಲೇ ಸಿಕ್ಕಿಬಿದ್ದ. ಪುಸ್ತಕ ಕಿತ್ತುಕೊಂಡು ಬೀರುವಿನಲ್ಲಿಟ್ಟೆ. ವರ್ಷದ ಕೊನೆಗೆ ವಾಪಸು ಕೊಡುತ್ತೇನೆಂದಿದ್ದೆ. ಕೊಡಲಿಲ್ಲ. ಆಮೇಲೆ ಅದು ಎಲ್ಲಿ ಹೋಯಿತೋ.

ಅಂದು ಸಂಜೆ ಅಪ್ಪ ಮಗ ಇಬ್ಬರನ್ನೂ ಬರಹೇಳಿದೆ. ಹುಡುಗ ಬಂದು ಕಾಲಿಗೆ ನಮಸ್ಕರಿಸಿದ. ನಾನು ಬೀರುವಿನ ಕಡೆ ನೋಡದೆ ಕೇಳಿದೆ: ‘ಅಲ್ಲೇನಿದೆಯೋ ಅಂಥದ್ದು? ಜಪಾನ್ ಕಾರು ಇಲ್ಲೇ ಬೀದಿ ತುಂಬ ಇವೆಯಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ ಬಂತು, ಸುಜುಕಿಯವರ ಜೊತೆ ಸೇರಿ ಮಾಡಿದ್ದು. ನಾವೆಲ್ಲ ಅದರಲ್ಲೇ ತಿರುಪತಿ ನೋಡಿದವರು.’

‘ಕಾರು ಇದೆ ಸಾರ್, ಅದರ ಸುತ್ತ ಇರೋ ಜನ ಇಲ್ಲ’ ಅಂದ. ಆಮೇಲೆ ಅವನನ್ನು ತಡೆಯುವವರಿರಲಿಲ್ಲ. ಯೊಕೊಹಾಮಾದ ಹತ್ತಿರ ದಾಯ್‌ಕೊಕು ಎಂಬ ಜಾಗವಿದೆಯಂತೆ. ಎಕ್ಸ್‌ಪ್ರೆಸ್ ಹೆದ್ದಾರಿಯ ಪಕ್ಕದ ಒಂದು ನಿಲುಗಡೆ ತಾಣ, ಅಷ್ಟೇ. ವಾರದ ಕೊನೆಯ ರಾತ್ರಿಗಳಲ್ಲಿ ಕಾರುಪ್ರಿಯರು ತಮ್ಮ ತಮ್ಮ ಗಾಡಿ ತಂದು ನಿಲ್ಲಿಸಿ, ಬಾನೆಟ್ ಎತ್ತಿ, ಒಬ್ಬರದನ್ನೊಬ್ಬರು ನೋಡುತ್ತಾರೆ. ನಮ್ಮಲ್ಲಿ ದನದ ಜಾತ್ರೆಯಲ್ಲಿ ಹೋರಿಗಳ ಹಲ್ಲು ನೋಡುವುದಿಲ್ಲವೇ, ಹಾಗೆ. ಕೊಳ್ಳುವ ಮಾತಿಲ್ಲ, ನೋಡುವ ಸುಖ.

ತೋಫು ಮಾರುವವನ ಮಗನೊಬ್ಬ ಬೆಳಗಿನ ಜಾವ ಹಳೆಯ ಟೊಯೊಟಾದಲ್ಲಿ ಬೆಟ್ಟದ ರಸ್ತೆಯಲ್ಲಿ ತೋಫು ಸಾಗಿಸುತ್ತ ನಿಪುಣ ಚಾಲಕನಾಗುವ ಕಥೆಯೊಂದು 1995ರಿಂದ ಅಲ್ಲಿ ಚಿತ್ರಕಥೆಯಾಗಿ ಬಂತಂತೆ. ಹೆಸರು ‘ಇನಿಷಿಯಲ್ ಡಿ’. ‘ನಮ್ಮ ಕಡೆ ಹಾಲು ಹಾಕುವ ಹುಡುಗನ ಕಥೆ ಇದ್ದಹಾಗೆ ಸಾರ್’ ಅಂದ. ಬೆಳಗಿನ ಜಾವ ಮನೆಗೆ ಬರುತ್ತಿದ್ದ ಕ್ವಾಲಿಸ್ ನನಗೆ ನೆನಪಾಯಿತು. ಅವನ ಅಪ್ಪನಿಗೆ ಆಗಲಿಲ್ಲವೆಂದು ಕಾಣುತ್ತದೆ.

ಆಮೇಲೆ ಆತ ಡ್ರಿಫ್ಟ್ ವಿವರಿಸಿದ. ಉರುಳುವ ಚಕ್ರದಲ್ಲಿ ನೆಲಕ್ಕೆ ತಾಗಿರುವ ಭಾಗ ಆ ಕ್ಷಣಕ್ಕೆ ನಿಂತೇ ಇರುತ್ತದೆ. ಆದ್ದರಿಂದ ಅಲ್ಲಿ ಕೆಲಸ ಮಾಡುವುದು ಸ್ಥಿತಿ ಘರ್ಷಣೆ. ಚಕ್ರ ಜಾರಿತೋ, ಅದಕ್ಕಿಂತ ದುರ್ಬಲವಾದ ಚಲನ ಘರ್ಷಣೆ ಶುರು. ತಿರುವಿನಲ್ಲಿ ಹಿಂದಿನ ಚಕ್ರಗಳನ್ನು ಬೇಕೆಂದೇ ಜಾರಿಸಿ, ಸ್ಟೀರಿಂಗನ್ನು ವಿರುದ್ಧ ದಿಕ್ಕಿಗೆ ತಿರುಗಿಸಿ, ಆಕ್ಸಿಲರೇಟರಿನಲ್ಲೇ ಕಾರನ್ನು ಹತೋಟಿಯಲ್ಲಿಟ್ಟುಕೊಳ್ಳುವುದೇ ಡ್ರಿಫ್ಟ್. ನಾನು ಇಟ್ಟಿಗೆಗೆ ಸ್ಪ್ರಿಂಗ್ ತಕ್ಕಡಿ ಕಟ್ಟಿ ಎಳೆದು ಮೂವತ್ತು ವರ್ಷ ಮಾಡಿದ ಪಾಠ ಇದು. ಒಬ್ಬ ಹುಡುಗನೂ ಇಷ್ಟು ಹೊಳೆಯುವ ಕಣ್ಣಲ್ಲಿ ಅದನ್ನು ನನಗೆ ಒಪ್ಪಿಸಿರಲಿಲ್ಲ. ಬಹುಶಃ ಆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಇದ್ದದ್ದೂ ಘರ್ಷಣೆಯ ಪಾಠವೇ.

‘ಇಲ್ಲೇ ಮಾಡೋಕಾಗಲ್ವೇನೋ?’ ಅಂದೆ. ಆಗುವುದಿಲ್ಲವೆಂಬುದಕ್ಕೆ ಪಟ್ಟಿ ಕೊಟ್ಟ. ಹೊರದೇಶದಿಂದ ಬಳಸಿದ ಕಾರು ತರಬೇಕಾದರೆ ಸಾಮಾನ್ಯವಾಗಿ ಅದು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ಇವನ ಮನಸ್ಸಿನಲ್ಲಿರುವ ಕಾರು ಇವನಿಗಿಂತ ಹಿರಿಯದು. ತಯಾರಕರು ಮಾಡಿಕೊಟ್ಟ ಮೂಲ ಸ್ವರೂಪವನ್ನು ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರಲ್ಲಿ ಎತ್ತಿಹಿಡಿದಿದೆ. ಅದಕ್ಕೆ ಕಾರಣವೂ ಇದೆ. ರಾತ್ರಿ ಹೊತ್ತು ಸೈಲೆನ್ಸರ್ ಕಿತ್ತು ಬೀದಿಯಲ್ಲಿ ಅಬ್ಬರಿಸುವವರ ಕಾಟ ತಿಂದವನು ನಾನು.

‘ಹಾಗಾದ್ರೆ ಜಪಾನಿನಲ್ಲಿ ಕಾನೂನಿಲ್ಲ ಅನ್ನು.’

‘ಇನ್ನೂ ಜಾಸ್ತಿ ಇದೆ ಸಾರ್.’

ಅವನು ಹೇಳಿದ್ದು ಕೇಳಿ ನನಗೆ ಮೇಷ್ಟರ ಸಂತೋಷವಾಯಿತು. ಅಲ್ಲಿ ಕಾರು ನೋಂದಾಯಿಸಬೇಕಾದರೆ ಮೊದಲು ಅದನ್ನು ನಿಲ್ಲಿಸಲು ಮನೆಯಿಂದ ಎರಡು ಕಿಲೋಮೀಟರಿನೊಳಗೆ ಜಾಗವಿದೆಯೆಂದು ಪೊಲೀಸರಿಂದ ಪ್ರಮಾಣಪತ್ರ ಪಡೆಯಬೇಕು. ಅತಿ ಹಗುರ ಕಾರುಗಳಿಗೆ ಮಾತ್ರ ನಿಯಮ ಸಡಿಲ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡೆರಡು ವರ್ಷಕ್ಕೆ ‘ಶಾಕೆನ್’ ಎಂಬ ಕಡ್ಡಾಯ ತಪಾಸಣೆ. ಬದಲಾವಣೆ ಮಾಡಬಹುದು, ಆದರೆ ಅದು ಆ ಪರೀಕ್ಷೆ ದಾಟಬೇಕು. ಬೆಟ್ಟದ ರಸ್ತೆಯಲ್ಲಿ ಪಂದ್ಯ ಕಟ್ಟಿದರೆ ಅಲ್ಲೂ ಅಪರಾಧವೇ. ಡ್ರಿಫ್ಟ್ ಮಾಡುವವರಿಗೆ ಕಾಸು ಕೊಟ್ಟು ಹೋಗುವ ಸರ್ಕ್ಯೂಟುಗಳಿವೆ. ದಾಯ್‌ಕೊಕುವಿನಲ್ಲಿ ಗಲಾಟೆ ಹೆಚ್ಚಿದರೆ ಪೊಲೀಸರು ಬಂದು ಎಲ್ಲರನ್ನೂ ಕಳಿಸಿ ಬಾಗಿಲು ಹಾಕುತ್ತಾರೆ. ನಮ್ಮ ಲೈಸೆನ್ಸನ್ನು ಅಲ್ಲಿನದಕ್ಕೆ ಬದಲಾಯಿಸಿಕೊಳ್ಳುವ ಪರೀಕ್ಷೆಯಲ್ಲಿ 2025ರ ಅಕ್ಟೋಬರಿನಿಂದ ಐವತ್ತು ಪ್ರಶ್ನೆ, ಪಾಸಾಗಲು ಶೇಕಡಾ 90 ಬೇಕು. ಬರೀ ಪಾಸಾಗಲು ದೇವರಿಗೆ ಕಾಯಿ ಒಡೆಸುವ ನಮ್ಮ ಶಾಲೆಯ ಹುಡುಗರನ್ನು ನೆನೆದು ನಕ್ಕೆ.

ಜಪಾನಿಯಲ್ಲಿ ಹವ್ಯಾಸಕ್ಕೆ ‘ಶುಮಿ’ ಎನ್ನುತ್ತಾರಂತೆ. ಹೊಸಬರ ಪರಿಚಯವಾದರೆ ‘ನಿಮ್ಮ ಶುಮಿ ಏನು’ ಎಂದು ಕೇಳುವುದು ವಾಡಿಕೆ. ನಾವು ಕೇಳುವುದು ‘ಸಂಬಳ ಎಷ್ಟು, ಸ್ವಂತ ಮನೆಯೋ ಬಾಡಿಗೆಯೋ’ ಎಂದು. ಪುಟಾಣಿ ರೈಲು ಓಡಿಸುವವರು, 1:24ರ ಅಳತೆಯಲ್ಲಿ ಕಾರಿನ ಮಾದರಿ ಜೋಡಿಸುವವರು, ಅಕಿಹಾಬಾರಾದ ಅಂಗಡಿಗಳಲ್ಲಿ ರೇಡಿಯೋ ಬಿಡಿಭಾಗ ಹುಡುಕುವವರು, ಇವರೆಲ್ಲ ಅಲ್ಲಿ ಬಿಳಿಗೂದಲಿನ ದೊಡ್ಡವರು. ನಮ್ಮಲ್ಲಿ ಕಾಸು ಹುಟ್ಟದ್ದಕ್ಕೆಲ್ಲ ಒಂದೇ ಹೆಸರು: ಶೋಕಿ. ಆದರೆ ಶೋಕಿಗೂ ಹವ್ಯಾಸಕ್ಕೂ ವ್ಯತ್ಯಾಸವಿದೆ. ಶೋಕಿಯ ವೆಚ್ಚವನ್ನು ಬೀದಿಯವರು ತೆರುತ್ತಾರೆ. ಹವ್ಯಾಸದ ವೆಚ್ಚವನ್ನು ಹವ್ಯಾಸಿಯೇ ತೆರುತ್ತಾನೆ, ನಿಲ್ಲಿಸುವ ಜಾಗದ ಬಾಡಿಗೆಯೂ ಸೇರಿ.

ರೇಡಿಯೋ ಎಂದಾಗ ಮನಸ್ಸು ಚುಚ್ಚಿತು. ಬಿಎಸ್ಸಿ ಓದುವಾಗ ನಾನೂ ಎಸ್.ಪಿ. ರಸ್ತೆಯಲ್ಲಿ ಟ್ರಾನ್ಸಿಸ್ಟರು, ಕೆಪಾಸಿಟರು ತಂದು ರೇಡಿಯೋ ಕಟ್ಟುತ್ತಿದ್ದವನೇ. ಬಿಎಡ್ ಆಯಿತು, ಕೆಲಸವಾಯಿತು, ಮದುವೆಯಾಯಿತು. ಸೋಲ್ಡರಿಂಗ್ ಐರನ್ ಅಟ್ಟ ಸೇರಿತು. ಯಾರೂ ಬೇಡವೆನ್ನಲಿಲ್ಲ. ಹೇಗಿದೆ ನಿನ್ನ ರೇಡಿಯೋ ಎಂದು ಕೇಳಿದವರೂ ಇಲ್ಲ.

ಬುದ್ಧಿ ಹೇಳಲು ಕರೆಸಿದ್ದೆನಲ್ಲ, ಹೇಳಿದೆ. ‘ನೋಡಪ್ಪ, ಹವ್ಯಾಸಕ್ಕೆ ಯಾವ ದೇಶವೂ ವೀಸಾ ಕೊಡಲ್ಲ. ನಿನ್ನನ್ನ ಕರೆಸಿಕೊಳ್ತಿರೋದು ಕೆಲಸಕ್ಕೆ. ಭಾಷೆ ಕಲಿ. ಭಾಷೆ ಬರದವನಿಗೆ ದಾಯ್‌ಕೊಕುವಿನಲ್ಲಿ ಕಾರು ಸಿಕ್ಕೀತು, ಗೆಳೆಯರು ಸಿಗಲ್ಲ. ವಾರಕ್ಕೊಂದು ಸಲ ಅಪ್ಪ ಅಮ್ಮನಿಗೆ ಫೋನ್ ಮಾಡು. ಸಾಕಾಯಿತೋ, ವಾಪಸು ಬಾ. ವಾಪಸು ಬರೋದು ಫೇಲಾಗೋದಲ್ಲ.’ ಇನ್ನೊಂದನ್ನೂ ಹೇಳಬೇಕಿತ್ತು. ಹೇಳಿದೆ. ‘ನಿನ್ನ ಆ ನೋಟ್ ಪುಸ್ತಕ ಕಳೆದುಹಾಕಿದೆ ಕಣೋ. ತಪ್ಪಾಯ್ತು.’

‘ಬಿಡಿ ಸಾರ್, ಅದರಲ್ಲಿ ಚಕ್ರಗಳೆಲ್ಲ ಸೊಟ್ಟ ಇದ್ವು’ ಅಂದ.

ಅಷ್ಟು ಹೊತ್ತೂ ಬಾಯಿ ಬಿಡದಿದ್ದ ತಂದೆ ಆಗ ಮಾತಾಡಿದರು. ‘ಹದಿಮೂರು ವರ್ಷ ಆ ಗಾಡಿ ಓಡಿಸಿದೆ ಮೇಷ್ಟ್ರೇ. ಆಯುಧಪೂಜೆ ದಿನ ಬಾಳೆಕಂದು ಕಟ್ಟಿ ಕುಂಬಳಕಾಯಿ ಒಡೆದಾಗ ನಿಂತಿದ್ದಷ್ಟೇ. ಒಂದು ದಿನಾನೂ ಸುಮ್ನೆ ಓಡಿಸ್ಲಿಲ್ಲ. ಎಲ್ಲಾ ಬಾಡಿಗೆ, ಎಲ್ಲಾ ಕಂತು. ಕಾರಲ್ಲಿ ಖುಷಿ ಇರುತ್ತೆ ಅಂತ ನಂಗೊತ್ತೇ ಇರಲಿಲ್ಲ.’

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಮಗನ ಕಡೆ ತಿರುಗಿದರು.

‘ಹೋದ್ಮೇಲೆ ನನ್ನನ್ನೊಂದ್ಸಲ ಕರೆಸ್ಕೊಳ್ಳೋ. ನೀನು ಓಡಿಸು, ನಾನು ಹಿಂದಿನ ಸೀಟಲ್ಲಿ ಕೂತ್ಕೋತೀನಿ. ಯಾವತ್ತೂ ಕೂತಿಲ್ಲ.’

ಹುಡುಗ ತಲೆ ತಗ್ಗಿಸಿಕೊಂಡು ‘ಹೂಂ’ ಅಂದ. ತಂದೆ ಒಳಗಡೆ ನೋಡಿ, ‘ಅಮ್ಮಾ, ಬೆಳಿಗ್ಗೆದು ಒಂದು ಕಾಫಿ ಬಾಕಿ ಇತ್ತಲ್ಲ’ ಅಂದರು.