ಮಣ್ಣಿನ ವರದಿ ಎಲ್ಲಿದೆ?

ಕೊಚ್ಚಿಯ ಏಲೂರಿನಲ್ಲಿ ಬಾಡಿಗೆ ಮನೆ ನೋಡುವಾಗ ನಾನು ನೀರಿನ ಬಗ್ಗೆ ಕೇಳಿದೆ, ಮಣ್ಣಿನ ಬಗ್ಗೆ ಕೇಳಲಿಲ್ಲ. ಪೆರಿಯಾರ್ ದಡದ ಈ ಕೈಗಾರಿಕಾ ಪ್ರದೇಶದ ಕುಳಿಕ್ಕಂಡಂ ತೋಡಿನ ಕೆಸರಲ್ಲಿ ಡಿಡಿಟಿ, ಭಾರಲೋಹಗಳು ಪತ್ತೆಯಾಗಿ ಎರಡು ದಶಕ ಕಳೆದಿದೆ. ಕಾರ್ಖಾನೆ ಮುಚ್ಚಿದರೂ ಸೀಸದಂಥ ಲೋಹ ಕರಗಿಹೋಗದು; ಅಂಗಳದ ಧೂಳಿನಿಂದ ಮಕ್ಕಳ ಬಾಯಿಗೆ, ಅಲ್ಲಿಂದ ಮಿದುಳಿಗೆ ತಲುಪುತ್ತದೆ.

2025ರ ಜುಲೈನಲ್ಲಿ ಕೇಂದ್ರ ಹೊರಡಿಸಿದ ಕಲುಷಿತ ಸ್ಥಳಗಳ ನಿಯಮಗಳ ಪ್ರಕಾರ, ಕೆಡಿಸಿದವರೇ ಶುದ್ಧೀಕರಣದ ಖರ್ಚು ಭರಿಸಬೇಕು. ಅವರಿಲ್ಲದಿದ್ದರೆ ಹೊರೆ ಸರ್ಕಾರದ್ದು. ಆದರೆ ಮೊದಲು ಆ ಜಾಗ ಪಟ್ಟಿಗೆ ಸೇರಬೇಕು, ಅದಕ್ಕೆ ಪರೀಕ್ಷೆ ನಡೆಯಬೇಕು. ತಿರುವನಂತಪುರದ ಮಾಲಿನ್ಯ ನಿಯಂತ್ರಣ ಮಂಡಳಿ ಮನೆಯಂಗಳಗಳ ಮಣ್ಣು ಪರೀಕ್ಷಿಸಿ, ಫಲಿತಾಂಶ ಪ್ರಕಟಿಸಲಿ. ಸಾಫ್ಟ್‌ವೇರ್‌ನಲ್ಲಾಗಲಿ ಊರಿನಲ್ಲಾಗಲಿ, ದಾಖಲಾಗದ ದೋಷವನ್ನು ಯಾರೂ ಸರಿಪಡಿಸುವುದಿಲ್ಲ.